ಗುರುಬಸಪ್ಪನವರ ಐಸಿನ ಹಂಸ

ನನಗೊಂದು ಕೆಟ್ಟ ಚಾಳಿಯಿದೆ. ಬೇಸಿಗೆಯಲ್ಲಿ ಯಾರ ಮನೆಗೆ ಹೋದರೂ ಶರಬತ್ತು ಕೊಡುತ್ತಾರಲ್ಲ, ಅದರಲ್ಲಿ ಐಸಿನ ತುಂಡು ತೇಲುತ್ತಿದ್ದರೆ ಕುಡಿಯುವ ಮೊದಲು ಲೋಟವನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಸ್ಟೀಲಿನ ಲೋಟವಾದರೆ ಇನ್ನೂ ಕಷ್ಟ. ಚಮಚ ಕೇಳಿ ಪಡೆದು, ತುಂಡನ್ನು ಎತ್ತಿ, ಕಿಟಕಿಯ ಕಡೆ ತಿರುಗಿ, ಒಂದು ಕಣ್ಣು ಮುಚ್ಚಿ ಪರೀಕ್ಷೆ ಮಾಡುತ್ತೇನೆ. ಮನೆಯವರ ಮುಖ ಸಣ್ಣದಾಗುತ್ತದೆ. ನಾನು ಡ್ರಾಯಿಂಗ್ ಮಾಸ್ತರನಾಗಿದ್ದವನು, ಬೆಳಕು ನೆರಳು ನೋಡುವುದು ನನ್ನ ಅಭ್ಯಾಸ ಎಂದು ನನ್ನ ಹೆಂಡತಿ ತೇಪೆ ಹಾಕುತ್ತಾಳೆ. ಕಲೆಯ ಹೆಸರು ಹೇಳಿದರೆ ನಮ್ಮ ಜನ ಏನನ್ನು ಬೇಕಾದರೂ ಕ್ಷಮಿಸಿಬಿಡುತ್ತಾರೆ. ನಿಜಸಂಗತಿ ಬೇರೆಯೇ ಇದೆ.

ಐಸಿಗೂ ನನಗೂ ಚಿಕ್ಕಂದಿನಿಂದಲೇ ಕೂಡಿಬಂದಿಲ್ಲ ಅನ್ನಿ. ನಾನು ಹುಟ್ಟಿ ಬೆಳೆದದ್ದು ಚಿಗಟೇರಿಯಲ್ಲಿ. ಏಳೋ ಎಂಟೋ ವರ್ಷದವನಿದ್ದಾಗ ಒಂದು ಮಧ್ಯಾಹ್ನ ಆಣೆಕಲ್ಲಿನ ಮಳೆ ಬಿತ್ತು. ನಮ್ಮಜ್ಜಿ ಅಂಗಳಕ್ಕೆ ಓಡಿ, ಸೆರಗಿನ ತುಂಬ ಆಣೆಕಲ್ಲು ಆರಿಸಿ ತಂದು, ಹಿತ್ತಾಳೆ ತಂಬಿಗೆಗೆ ತುಂಬಿ, ಮೇಲೆ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಗುಂಡುಕಲ್ಲು ಹೇರಿದಳು. ಮರುದಿನ ಕೂಡ್ಲಿಗಿಯಿಂದ ನಮ್ಮ ಸೋದರಮಾವ ಬರುವವನಿದ್ದ. ಅವನಿಗೆ ತೋರಿಸಬೇಕೆಂದು ಅವಳ ಆಸೆ. ಮಾವ ಬಂದ, ತಂಬಿಗೆ ತೆರೆದರು, ಒಳಗೆ ನೀರು. ಅಜ್ಜಿ ಒಂದು ಗಳಿಗೆ ಯೋಚಿಸಿದಳು. ತಟ್ಟೆ ಇಟ್ಟ ಹಾಗೇ ಇದೆ, ಕಲ್ಲೂ ಇಟ್ಟ ಹಾಗೇ ಇದೆ. ಇಂಥ ಕೆಲಸ ಮಾಡುವವನು ಮನೆಯಲ್ಲಿ ಒಬ್ಬನೇ. ಆಣೆಕಲ್ಲು ತಿಂದದ್ದಲ್ಲದೆ, ಸಿಕ್ಕಿಬೀಳಬಾರದೆಂದು ನೀರು ಬೇರೆ ತುಂಬಿಟ್ಟಿದ್ದಾನೆ ಎಂದು ನನ್ನ ಬೆನ್ನಿಗೆ ಎರಡು ಬಿದ್ದವು. ಮಾವ ಬಿ.ಎ. ಓದಿದವನು. ಅವನೂ ಬಾಯಿ ಬಿಡಲಿಲ್ಲ. ಅಕ್ಕನ ಮನೆಗೆ ಉಣ್ಣಲು ಬಂದವನು ಅಕ್ಕನ ಅತ್ತೆಗೆ ವಿಜ್ಞಾನ ಹೇಳುವುದುಂಟೆ?

ದೊಡ್ಡವನಾಗಿ ನಾನು ಕೊಟ್ಟೂರಿನ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾದೆ. ಸಣ್ಣ ಊರುಗಳಲ್ಲಿ ಡ್ರಾಯಿಂಗ್ ಮಾಸ್ತರನ ನಿಜವಾದ ಕೆಲಸ ಶುರುವಾಗುವುದು ಶಾಲೆ ಬಿಟ್ಟ ಮೇಲೆ. ಮದುವೆಯ ಪೆಂಡಾಲಿಗೆ ಥರ್ಮೋಕೋಲಿನಲ್ಲಿ ಮದುಮಕ್ಕಳ ಹೆಸರು ಕೊರೆದುಕೊಡುವುದು ನನ್ನ ಪಾಲಿಗೆ ಬಂದಿತ್ತು. ಒಮ್ಮೆ ಅವಸರದಲ್ಲಿ ಗೀತಾ ಎಂಬ ಮದುಮಗಳ ಹೆಸರನ್ನು ಗೋತಾ ಎಂದು ಕೊರೆದು, ಅದು ತಾಳಿ ಕಟ್ಟುವವರೆಗೂ ಯಾರ ಕಣ್ಣಿಗೂ ಬೀಳದೆ, ಆಮೇಲೆ ಎಲ್ಲರ ಕಣ್ಣಿಗೂ ಒಟ್ಟಿಗೇ ಬಿದ್ದಿತ್ತು. ಆದರೂ ಕರೆಯುವುದು ಬಿಟ್ಟಿರಲಿಲ್ಲ. ಬೇರೆ ಡ್ರಾಯಿಂಗ್ ಮಾಸ್ತರ ಊರಲ್ಲಿ ಇರಲಿಲ್ಲವಲ್ಲ.

ತೊಂಬತ್ತರ ದಶಕ ಮುಗಿಯುತ್ತಾ ಬಂದ ಒಂದು ಬೇಸಿಗೆಯಲ್ಲಿ ನಾನು ಕ್ಷೌರಕ್ಕೆ ಕೂತಿದ್ದಾಗ ಶೇಂಗಾ ಎಣ್ಣೆ ಮಿಲ್ಲಿನ ಗುರುಬಸಪ್ಪನವರು ಬಂದರು. ಅವರ ಮಗಳು ಗಿರಿಜಾ ನನ್ನ ಹಳೆಯ ವಿದ್ಯಾರ್ಥಿನಿ. ಅವಳಿಗೆ ಹರಪನಹಳ್ಳಿಯ ಬಟ್ಟೆ ವ್ಯಾಪಾರಿಗಳ ಮನೆಗೆ ಸಂಬಂಧ ಗೊತ್ತಾಗಿತ್ತು. ನಿಶ್ಚಿತಾರ್ಥದ ದಿನ ಹುಡುಗನ ದೊಡ್ಡಪ್ಪ ರುದ್ರಪ್ಪ ಎಂಬವರು ಒಂದು ಗುಟುಕು ನೀರು ಕುಡಿದು, ಕೊಟ್ಟೂರಿನಲ್ಲಿ ನೀರನ್ನು ಕಾಯಿಸಿಯೇ ಕೊಡುತ್ತಾರೋ ಹೇಗೆ ಎಂದು ಕೇಳಿದ್ದರಂತೆ. ನಮ್ಮ ಕಡೆಯ ಮೇ ತಿಂಗಳ ನೀರು, ಅದನ್ನು ಬೇರೆ ಕಾಯಿಸಬೇಕೆ? ಹತ್ತು ಜನ ನಕ್ಕಿದ್ದರು. ಆ ನಗು ಗುರುಬಸಪ್ಪನವರ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು.

ಅವರು ಜೇಬಿನಿಂದ ವಾರಪತ್ರಿಕೆಯ ಹಾಳೆಯೊಂದನ್ನು ತೆಗೆದು ನನ್ನ ಮುಂದೆ ಹಿಡಿದರು. ಯಾವುದೋ ದೊಡ್ಡ ಹೋಟೆಲಿನ ಮದುವೆ. ಹಣ್ಣುಗಳ ನಡುವೆ ಗಾಜಿನಂಥ ಒಂದು ಹಂಸ. ಇದು ಯಾವ ಸಾಮಾನು ಎಂದು ಕೇಳಿದರು. ಐಸು ಎಂದೆ. ಐಸಿನಲ್ಲಿ ಇಂಥದ್ದು ಮಾಡಬಹುದೇನು ಎಂದು ಕೇಳಿದರು. ಮಾಡಬಹುದು ಎಂದೆ. ಎಲ್ಲ ಅನಾಹುತವೂ ನಡೆದದ್ದು ಆ ಕ್ರಿಯಾಪದದಲ್ಲಿ. ಮಾಡಬಹುದು ಎಂದರೆ ಲೋಕದಲ್ಲಿ ಯಾರಾದರೂ ಮಾಡಬಹುದು ಎಂದು ನನ್ನ ಅರ್ಥ. ಮಾಸ್ತರ ಮಾಡಿಕೊಡುತ್ತಾನೆ ಎಂದು ಅವರ ಅರ್ಥ. ಅರ್ಧ ಮುಖಕ್ಕೆ ಸೋಪು ಹಚ್ಚಿಸಿಕೊಂಡು, ಗಂಟಲ ಮೇಲೆ ಕತ್ತಿಯಿಟ್ಟುಕೊಂಡು ಕೂತವನು ವ್ಯಾಕರಣ ಬಿಡಿಸಿ ಹೇಳುವುದು ಹೇಗೆ? ಸುತ್ತಲಿದ್ದವರೆಲ್ಲ ಆಗಲೇ ನನ್ನನ್ನು ಗೌರವದಿಂದ ನೋಡತೊಡಗಿದ್ದರು. ಆ ಗೌರವ ನನಗೆ ಹಿತವಾಗಿತ್ತು ಎಂಬುದನ್ನೂ ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ಮೊದಲ ಪ್ರಶ್ನೆ, ಏನನ್ನು ಮಾಡುವುದು ಎಂಬುದು. ಗುರುಬಸಪ್ಪನವರಿಗೆ ಬಸವಣ್ಣ ಆಗಬೇಕಿತ್ತು. ಕೋಡು, ಗೆಜ್ಜೆ, ಎಲ್ಲ ಸಮೇತ. ಅವರ ತಾಯಿ ಶರಣಮ್ಮಜ್ಜಿ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದವರು, ಬಸವಣ್ಣ ಕರಗಬಾರದಪ್ಪ, ಎಂದು ಒಂದೇ ಮಾತು ಹೇಳಿದರು. ಬಸವಣ್ಣ ಅಲ್ಲಿಗೆ ಮುಗಿದ. ಹಾಗಾದರೆ ಗಣಪತಿ, ಅವನು ಹೇಗೂ ನೀರಿಗೆ ಹೋಗುವವನೇ, ಎಂದು ಯಾರೋ ಅಂದರು. ಐದು ದಿನ ಪೂಜೆ ಮಾಡಿ ಕಳಿಸುವುದು ಬೇರೆ, ಊಟದ ಪಂಕ್ತಿ ಏಳುವುದರೊಳಗೆ ಕಳಿಸುವುದು ಬೇರೆ ಎಂದು ಇನ್ಯಾರೋ ಅಂದರು. ಮದುಮಕ್ಕಳ ಮೂರ್ತಿಯನ್ನೇ ಮಾಡಿಸುವ ಸಲಹೆ ಬಂದು, ಮದುಮಗ ಕರಗುವುದನ್ನು ಯಾರೂ ಬಾಯಿಬಿಟ್ಟು ಹೇಳಲಾರದೆ ಅದೂ ಬಿದ್ದುಹೋಯಿತು. ಕಡೆಗೆ ಚಿತ್ರದಲ್ಲಿದ್ದ ಹಂಸವೇ ಸರಿ ಎಂದಾಯಿತು. ಜೋಡಿ ಹಂಸ ಮಾಡಲೇ ಎಂದು ನಾನು ಕೇಳಿದೆ. ಒಂದೇ ಸಾಕು ಎಂದರು ಗುರುಬಸಪ್ಪನವರು. ಎರಡಾದರೆ ಹೆಣ್ಣಿನದು ಮೊದಲು ಕರಗುತ್ತದೋ ಗಂಡಿನದೋ ಎಂದು ಬೀಗರು ಊಟ ಬಿಟ್ಟು ಕೂತು ನೋಡುತ್ತಾರೆ.

ಸುದ್ದಿ ಊರು ದಾಟಲು ಒಂದು ಸಂತೆ ಸಾಕಾಯಿತು. ಆ ಹದಿನೈದು ದಿನ ಜನ ನನ್ನನ್ನು ಕೇಳದ ಪ್ರಶ್ನೆಯಿಲ್ಲ. ಎಷ್ಟು ಹೊತ್ತು ಇರುತ್ತದೆ ಎಂದು ಎಲ್ಲರೂ ಕೇಳುತ್ತಿದ್ದರು, ಅದು ಸಹಜ. ಬಣ್ಣ ಹಾಕಿಸಬಹುದೇ, ಮುಟ್ಟಿದರೆ ಶೀತವಾಗುತ್ತದೆಯೇ, ಉಳಿದದ್ದನ್ನು ಮನೆಗೆ ಒಯ್ದು ಹಂಡೆಯಲ್ಲಿ ಇಟ್ಟುಕೊಂಡರೆ ನಾಮಕರಣಕ್ಕೂ ಬರುತ್ತದೆಯೇ ಎಂದೂ ಕೇಳುತ್ತಿದ್ದರು. ಒಂದು ಮಾಡಿ ಕೂಡ್ಲಿಗಿ ಬಸ್ಸಿನ ಮೇಲೆ ಹಾಕಿ ಕಳಿಸಿ, ಕಂಡಕ್ಟರು ನಮ್ಮವನೇ ಎಂದ ಒಬ್ಬ. ಹಡಗಲಿಯಿಂದ ಒಬ್ಬರು ಗರಿಗರಿ ಖಾದಿ ತೊಟ್ಟು ಹುಡುಕಿಕೊಂಡು ಬಂದರು. ಅವರ ನಾಯಕರಿಗೆ ಸನ್ಮಾನವಂತೆ, ವೇದಿಕೆಯ ಮೇಲೆ ನಾಯಕರದೇ ಐಸಿನ ಮೂರ್ತಿ ಬೇಕಂತೆ. ಎಷ್ಟು ಹೊತ್ತು ನಿಲ್ಲಬೇಕು ಎಂದು ನಾನು ಪಳಗಿದವನಂತೆ ಕೇಳಿದೆ. ನಾಯಕರ ಭಾಷಣ ಮುಗಿಯುವ ತನಕ ಎಂದರು. ಹಾಗಾದರೆ ಕಲ್ಲಿನಲ್ಲೇ ಮಾಡಿಸಿ ಎಂದೆ. ಅವರು ಸ್ವಲ್ಪ ಯೋಚಿಸಿ, ನೀವು ಹೇಳುವುದು ಸರಿ ಎಂದು ಎದ್ದು ಹೋದರು.

ನಾನು ಕೆತ್ತನೆ ಬಲ್ಲವನಲ್ಲ. ಹಾಗಾಗಿ ಬಡಗಿ ಮೌನೇಶಾಚಾರಿಯ ಕಾಲು ಹಿಡಿದೆ. ಬಾಗಿಲು, ಚೌಕಟ್ಟು, ತೊಟ್ಟಿಲು ಮಾಡುವ ಕೈ ಅವರದು. ಮಾತು ಕಡಿಮೆ. ಐಸು ಎಂದೊಡನೆ ಅವರು ಕೇಳಿದ್ದು, ಎಳೆ ಯಾವ ಕಡೆ ಹೋಗಿರುತ್ತದೆ, ಗಂಟು ಎಷ್ಟಿರುತ್ತವೆ ಎಂದು. ಐಸಿಗೆ ಎಳೆಯೂ ಇಲ್ಲ ಗಂಟೂ ಇಲ್ಲ ಎಂದೆ. ಅಂಥ ಮರವನ್ನು ನಂಬಬಾರದು ಎಂದರು. ಆದರೂ ಒಪ್ಪಿಕೊಂಡರು. ಅಭ್ಯಾಸಕ್ಕೆಂದು ಅವರು ಬಾಳೆದಿಂಡಿನಲ್ಲಿ ಒಂದು ಹಂಸ ಕೆತ್ತಿದರು, ನಾನು ಬಟ್ಟೆ ಸೋಪಿನಲ್ಲಿ ಒಂದು ಕೆತ್ತಿದೆ. ಅವರದನ್ನು ಎಮ್ಮೆ ತಿಂದಿತು. ನನ್ನದರಲ್ಲಿ ನನ್ನ ಹೆಂಡತಿ ಒಂದು ವಾರ ಬಟ್ಟೆ ಒಗೆದಳು. ಕೊಕ್ಕು ಹಿಡಿದುಕೊಳ್ಳಲು ಅನುಕೂಲವಾಗಿದೆ ಎಂದಳು.

ಇಷ್ಟು ದೊಡ್ಡ ಐಸಿನ ದಿಮ್ಮಿ ಸಿಗುವುದು ಹಗರಿಬೊಮ್ಮನಹಳ್ಳಿ ಕಡೆ. ತುಂಗಭದ್ರೆಯ ಹಿನ್ನೀರಿನಲ್ಲಿ ಹಿಡಿದ ಮೀನನ್ನು ದೂರದ ಊರುಗಳಿಗೆ ಕಳಿಸುತ್ತಾರಲ್ಲ, ಅದಕ್ಕೆಂದು ಐಸು ಮಾಡುವ ಒಂದು ಸಣ್ಣ ಫ್ಯಾಕ್ಟರಿಗೆ ನಾವು ಮೊದಲೇ ಹೋಗಿ ಹೇಳಿ ಬಂದೆವು. ಫ್ಯಾಕ್ಟರಿಯ ಖಾಸೀಂ ಸಾಬರು ಎಷ್ಟು ಬಾಕ್ಸ್ ಮೀನಿಗೆ ಬೇಕು ಎಂದು ಕೇಳಿದರು. ಮೀನಿಗಲ್ಲ, ಹಂಸಕ್ಕೆ ಎಂದೆ. ಅವರು ನನ್ನನ್ನೂ ನನ್ನ ಹಣೆಯ ವಿಭೂತಿಯನ್ನೂ ಒಮ್ಮೆ ನೋಡಿ, ದನಿ ತಗ್ಗಿಸಿ, "ಕೊಟ್ಟೂರಾಗ ಹಂಸ ಯಾರು ತಿಂತಾರ್ರಿ?" ಎಂದರು. ಅವರಿಗೆ ವಿಷಯ ತಿಳಿಹೇಳಲು ಅರ್ಧ ತಾಸು ಹಿಡಿಯಿತು. ದಿಮ್ಮಿಯ ನಡುವೆ ಹಾಲು ಹಾಕಿದ ಹಾಗೆ ಬೆಳ್ಳಗಿದೆಯಲ್ಲ ಎಂದು ಆಚಾರಿ ಕೇಳಿದರು. ಐಸು ಹೊರಗಿನಿಂದ ಒಳಕ್ಕೆ ಗಟ್ಟಿಯಾಗುತ್ತಾ ಹೋಗುತ್ತದೆ, ಕಾಲುವೆ ನೀರಿನಲ್ಲಿದ್ದ ಕಸರೆಲ್ಲ ನಡುವೆ ಹೋಗಿ ಕೂರುತ್ತದೆ ಎಂದರು ಸಾಬರು. ನಾವು ತಲೆಯಾಡಿಸಿದೆವು. ಆ ಕಸರು ಏನಿರಬಹುದು ಎಂಬ ಒಂದು ಪ್ರಶ್ನೆಯನ್ನು ಮಾತ್ರ ಇಬ್ಬರೂ ಕೇಳಲಿಲ್ಲ.

ಮದುವೆಯ ದಿನ ಕೋಳಿ ಕೂಗುವ ಹೊತ್ತಿಗೆ ಮಿಲ್ಲಿನ ಟೆಂಪೋ ತೆಗೆದುಕೊಂಡು ಹೋಗಿ ದಿಮ್ಮಿಯನ್ನು ಹೇರಿಕೊಂಡೆವು. ಸುತ್ತಲೂ ಶೇಂಗಾ ಹೊಟ್ಟು ತುಂಬಿ, ಒದ್ದೆ ಗೋಣಿತಾಟು ಸುತ್ತಿ, ಹಗ್ಗ ಬಿಗಿದೆವು. ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಹೊಲಕ್ಕೆ ಹೊರಟಿದ್ದ ಒಬ್ಬ ಮುದುಕ ಟೆಂಪೋದ ಹತ್ತಿರ ಬಂದು ನಿಂತ. ಆಳುದ್ದಕ್ಕೆ ತುಸು ಕಡಿಮೆಯಾದ ಗೋಣಿಯ ಗಂಟು, ಕೆಳಗೆ ತೊಟ್ಟಿಕ್ಕುವ ನೀರು. ಅವನು ತಲೆಗೆ ಸುತ್ತಿದ್ದ ವಲ್ಲಿಯನ್ನು ಬಿಚ್ಚಿ ಎದೆಗೆ ಹಿಡಿದುಕೊಂಡು, "ಎಷ್ಟು ವಯಸ್ಸಾಗಿತ್ರಿ?" ಎಂದು ಮೆಲ್ಲಗೆ ಕೇಳಿದ.

ಚಹಾ ಊದುತ್ತಿದ್ದ ಆಚಾರಿ, ಯಾವುದರ ಬಗ್ಗೆ ಕೇಳುತ್ತಿದ್ದಾನೆಂದು ಯೋಚಿಸದೆ, "ನಿನ್ನಿ ಹುಟ್ಟಿದ್ದು" ಎಂದರು.

ಮುದುಕ ಗಂಟಿನ ಉದ್ದವನ್ನು ಇನ್ನೊಮ್ಮೆ ನೋಡಿದ. ಕೈಮುಗಿದು, ನಡುನಡುವೆ ಹಿಂತಿರುಗಿ ನೋಡುತ್ತಾ ಹೋದ.

ಪೆಂಡಾಲು ಹಾಕಿದ್ದು ಮಿಲ್ಲಿನ ಅಂಗಳದಲ್ಲೇ. ನಾವು ಪಕ್ಕದ ಗೋದಾಮಿನಲ್ಲಿ ದಿಮ್ಮಿಯನ್ನು ಇಳಿಸಿ ಕೆಲಸ ಶುರು ಮಾಡಿದೆವು. ಅಂಟಿದ್ದ ಶೇಂಗಾ ಹೊಟ್ಟನ್ನು ಕೀಳಲು ಒಂದು ತಾಸು ಹೋಯಿತು. ಆಮೇಲೆ ಆಚಾರಿಯ ಗರಗಸ ಆಡಿತು, ಉಳಿ ಆಡಿತು. ಸುಳ್ಳು ಹೇಳಬಾರದು, ಆ ಮನುಷ್ಯನ ಕೈಯಲ್ಲಿ ದೈವವಿತ್ತು. ಒಂಬತ್ತು ಗಂಟೆಯ ಹೊತ್ತಿಗೆ ಗೋಣು ಬಂತು, ರೆಕ್ಕೆ ಬಂತು, ಹೊಟ್ಟೆಯ ಉಬ್ಬು ಬಂತು. ನಾನು ಅರ ಹಿಡಿದು ಕೊಕ್ಕನ್ನು ಉಜ್ಜುತ್ತಾ, ನಾವು ಮಾಡಿಯೇಬಿಟ್ಟೆವಲ್ಲ ಎಂದು ಹಿಗ್ಗುತ್ತಿದ್ದೆ. ಆಗ ಆಚಾರಿಯ ಉಳಿ ನಿಂತಿತು. ಅವರು ಹಂಸದ ಎದೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಬಗ್ಗಿ ನೋಡುತ್ತಿದ್ದರು. ನಡುವಿನ ಬಿಳುಪಿನಲ್ಲಿ ಬೆರಳುದ್ದದ ಒಂದು ಕಪ್ಪು ಗೆರೆ. ಎಲೆಯಿರಬೇಕು, ಕಾಲುವೆ ನೀರಲ್ಲವೇ, ಎಂದೆ.

"ಎಲಿ ಅಲ್ರಿ ಮಾಸ್ತರ," ಎಂದರು ಆಚಾರಿ. "ಎಲಿಗೆ ಕಣ್ಣಿರಂಗಿಲ್ಲ."

ನಾನೂ ಬಗ್ಗಿ ನೋಡಿದೆ. ಅದು ನನ್ನನ್ನು ನೋಡಿತು.

ಈಗ ನೀವು ನನ್ನ ಜಾಗದಲ್ಲಿ ನಿಂತು ನೋಡಿ. ಹೊರಗೆ ವಾಲಗ ಶುರುವಾಗಿದೆ. ತಲೆತಲಾಂತರದಿಂದ ಮೊಟ್ಟೆಯನ್ನೂ ಮನೆಯೊಳಗೆ ತರದ ವಂಶ. ಅಂಥದ್ದೇ ವಂಶದ ಬೀಗರು. ಎದುರು ಹಣೆಗಳಲ್ಲೆಲ್ಲ ವಿಭೂತಿ, ಕೊರಳಲ್ಲೆಲ್ಲ ಲಿಂಗ. ಅಂಥ ಮದುವೆಯ ವೇದಿಕೆಯ ಮೇಲೆ ನಾನು ಮೀನು ನುಂಗಿದ ಹಂಸವನ್ನು ನಿಲ್ಲಿಸಲಿದ್ದೇನೆ. ಹಂಸ ಹಾಲನ್ನೂ ನೀರನ್ನೂ ಬೇರೆ ಮಾಡುತ್ತದೆ ಎಂದು ಮಕ್ಕಳಿಗೆ ಪಾಠ ಹೇಳಿದವನು ನಾನು. ಮೀನನ್ನು ಕೊರೆದು ತೆಗೆಯಲಾಗುವುದಿಲ್ಲವೇ ಎಂದು ಕೇಳಿದೆ. ಆಚಾರಿ ಉಳಿಯನ್ನು ಎದೆಗೆ ಇಟ್ಟು ಒಂದು ಸಣ್ಣ ಏಟು ಹಾಕಿದರು. ಐಸು ಒಳಗೊಳಗೇ ಲಟಲಟ ಎಂದಿತು. ಅವರು ಉಳಿ ಕೆಳಗಿಟ್ಟರು. ಕೊರೆದರೆ ಗೋಣು ನಿಲ್ಲುವುದಿಲ್ಲ, ಬಿಟ್ಟರೆ ಮೀನು ಹೊರಬರಲು ಮೂರೋ ನಾಲ್ಕೋ ತಾಸು ಬೇಕು ಎಂದರು. ಎಷ್ಟು ಹೊತ್ತು ಇರುತ್ತದೆ ಎಂದು ಊರೆಲ್ಲ ಕೇಳಿದ್ದ ಪ್ರಶ್ನೆಯ ಅರ್ಥ ನನಗೆ ಆಗ ಪೂರ್ತಿಯಾಗಿ ಆಯಿತು.

ಗುರುಬಸಪ್ಪನವರಿಗೆ ಹೇಳೋಣವೆಂದರೆ, ಅವರು ಅಷ್ಟರಲ್ಲಿ ಗೋದಾಮಿನ ಬಾಗಿಲಿಗೆ ಬಂದು ಹಂಸವನ್ನು ಕಂಡು ಕಣ್ಣಲ್ಲಿ ನೀರು ತಂದುಕೊಂಡಿದ್ದರು. ನನ್ನ ಎರಡೂ ಕೈ ಹಿಡಿದು, ನನ್ನ ಮಾನ ಉಳಿಸಿದಿರಿ ಎಂದರು. ಕಣ್ಣೊರೆಸಿಕೊಂಡು ಹೊರಗೆ ಹೋದರು. ಅಕ್ಕಿಕಾಳು ಬಿದ್ದ ಕೂಡಲೇ ಜನವೆಲ್ಲ ಊಟಕ್ಕೆ ನುಗ್ಗುತ್ತಾರೆ, ಆಗ ಕರಗಿತೆಂದು ನೆಪ ಹೇಳಿ ಹೊತ್ತುಕೊಂಡು ಓಡುವುದು ಎಂದು ನಾನೂ ಆಚಾರಿಯೂ ಗೊತ್ತು ಮಾಡಿಕೊಂಡೆವು.

ತಾಮ್ರದ ದೊಡ್ಡ ಕೊಪ್ಪರಿಗೆಯಲ್ಲಿ ಹಲಗೆಯಿಟ್ಟು ಅದರ ಮೇಲೆ ಹಂಸವನ್ನು ಕೂರಿಸಿದೆವು. ಮೀನಿದ್ದ ಮಗ್ಗುಲನ್ನು ಪರದೆಯ ಕಡೆ ತಿರುಗಿಸಿ, ಹಡಗಲಿಯ ಮಲ್ಲಿಗೆಯ ಮಾಲೆಗಳನ್ನು ಎದೆಯ ತುಂಬ ಇಳಿಬಿಟ್ಟೆವು. ಪರದೆಗೂ ಹಂಸಕ್ಕೂ ನಡುವೆ ಇದ್ದ ಕಿರಿದಾದ ಜಾಗದಲ್ಲಿ ಶರಣಮ್ಮಜ್ಜಿ ತಮ್ಮ ಕುರ್ಚಿ ಹಾಕಿಸಿಕೊಂಡು ಕೂತರು. ತಂಪಾಗಿದೆ, ಇಲ್ಲೇ ಇರುತ್ತೇನೆ ಎಂದರು. ಅವರಿಗೆ ಎಂಬತ್ತರ ಹತ್ತಿರ ವಯಸ್ಸು. ಹೋದ ವರ್ಷವಷ್ಟೇ ಕಣ್ಣಿನ ಪೊರೆ ತೆಗೆಸಿದ್ದರು. ಅಜ್ಜಿಗೆ ಏನು ಕಾಣುತ್ತದೆ ಎಂದು ನಾನು ಸಮಾಧಾನ ಮಾಡಿಕೊಂಡೆ.

ಹಂಸವನ್ನು ಕಂಡು ಹರಪನಹಳ್ಳಿಯವರ ಬಾಯಿ ಕಟ್ಟಿದ್ದು ನಿಜ. ರುದ್ರಪ್ಪನವರು ಮಾತ್ರ ಸೋಲುವ ಆಸಾಮಿಯಲ್ಲ. ಜರಿಯಂಚಿನ ಪಂಚೆ, ದಪ್ಪ ಮೀಸೆ. ಹಂಸದ ಇನ್ನೊಂದು ಪಕ್ಕಕ್ಕೆ ಕುರ್ಚಿ ಎಳೆಸಿಕೊಂಡು, ಮಗ್ಗುಲಿಗೆ ದೊಡ್ಡ ಫ್ಯಾನೊಂದನ್ನು ತರಿಸಿ, ಅದು ಐಸಿನ ಮೇಲಿಂದ ತಮ್ಮ ಮೈಗೆ ಬೀಸುವಂತೆ ತಿರುಗಿಸಿಕೊಂಡರು. ಅಷ್ಟೇ ನೋಡಿ. ಮುಹೂರ್ತಕ್ಕೆ ಇನ್ನೂ ಒಂದು ತಾಸಿರುವಾಗಲೇ ಹಂಸದ ಗೋಣು ತೆಳ್ಳಗಾಗತೊಡಗಿತು. ನಾನು ಫ್ಯಾನು ಆರಿಸುತ್ತೇನೆ, ಅವರು ಹಾಕಿಸುತ್ತಾರೆ. ಮೂರನೆಯ ಸಲ ಅವರು ನನ್ನನ್ನು ಹತ್ತಿರ ಕರೆದು, ಕೊಟ್ಟೂರಿನ ಕರೆಂಟು ಹೀಗೇ ಹೋಗಿ ಬಂದು ಮಾಡುತ್ತದೇನು ಎಂದು ವಿಚಾರಿಸಿದರು.

ಗೋಣು ಕಳಚಿ ಕೊಪ್ಪರಿಗೆಗೆ ಬಿದ್ದಾಗ ಹಂಸ ಬಾತುಕೋಳಿಯಾಯಿತು. ಉಳಿದ ಮೋಟು ಗೋಣೂ ಬಾಲವೂ ಮೊಂಡಾದ ಮೇಲೆ ಬರೀ ಕೋಳಿಯಾಯಿತು. ಲಿಂಗವಂತರ ಮದುವೆಯಲ್ಲಿ ಕೋಳಿ ಯಾಕೆ ಮಾಡಿಸಿದ್ದಾರೆ ಎಂದು ತಡವಾಗಿ ಬಂದವರು ಒಬ್ಬರನ್ನೊಬ್ಬರು ಕೇಳಿಕೊಂಡರು. ಒಂದು ರೆಕ್ಕೆಯ ತುದಿ ಮುರಿದು ರುದ್ರಪ್ಪನವರ ತೊಡೆಯ ಮೇಲೆ ಬಿತ್ತು. ಅವರು ಅದನ್ನು ಎರಡು ತುಂಡು ಮಾಡಿ ಕೈಯಲ್ಲಿದ್ದ ಬೇಲದ ಹಣ್ಣಿನ ಪಾನಕಕ್ಕೆ ಹಾಕಿಕೊಂಡು ಗಟಗಟ ಕುಡಿದು, ಆಹಾ ಎಂದರು. ನಾನು ಆಚಾರಿಯ ಮುಖ ನೋಡಿದೆ. ಆಚಾರಿ ಚಪ್ಪರದ ಬಾಳೆಕಂಬವನ್ನು ನೋಡುತ್ತಿದ್ದರು.

ತಾಳಿ ಕಟ್ಟಿದ್ದಾಯಿತು, ಅಕ್ಕಿಕಾಳು ಬಿತ್ತು. ಗಿರಿಜಾಳ ಮುಖ ನೋಡುವ ಪುರುಸೊತ್ತೂ ನನಗಿರಲಿಲ್ಲ. ಜನ ಊಟಕ್ಕೆ ಏಳುತ್ತಾರೆ ಎಂದು ನಾವಿಬ್ಬರೂ ಕೊಪ್ಪರಿಗೆಯ ಬಳೆಗೆ ಕೈ ಹಾಕಿದೆವು. ಆಗ ರುದ್ರಪ್ಪನವರು ನನ್ನ ಹೆಗಲ ಮೇಲೆ ಕೈಯಿಟ್ಟರು. "ಎಲ್ಲಿಗೆ ಒಯ್ತೀರಿ ಮಾಸ್ತರ? ಇಷ್ಟು ಒಳ್ಳೇ ಐಸು. ಒಡೆದು ಎಲ್ಲಾರ ಪಾನಕಕ್ಕೂ ಹಾಕಿಸ್ರಿ." ಎಂದು ಹೇಳಿ, ಅಡಿಗೆಯವರ ಕಡೆಯಿಂದ ತೆಂಗಿನಕಾಯಿ ಒಡೆಯುವ ಮಚ್ಚು ತರಲು ಆಳನ್ನು ಅಟ್ಟಿದರು. ಬಿಸಿಲಿಗೆ ಬೆಂದ ಜನ ಲೋಟ ಹಿಡಿದು ಸಾಲುಗಟ್ಟಿತು. ಬಟ್ಟೆಯಂಗಡಿಯ ಯಜಮಾನರು, ಸ್ವಾಮಿಗಳು, ಮುತ್ತೈದೆಯರು. ಎಲ್ಲರ ಕೈಯಲ್ಲೂ ಪಾನಕ. ಈಗಲಾದರೂ ಕೂಗಿ ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಗುರುಬಸಪ್ಪನವರು ದೂರದಲ್ಲಿ ನಿಂತು, ಇದೂ ನಮ್ಮ ಔದಾರ್ಯವೇ ಎಂಬಂತೆ ಎಲ್ಲರಿಗೂ ಕೈಮುಗಿಯುತ್ತಿದ್ದರು.

ಮಚ್ಚು ಬಂತು. ಶರಣಮ್ಮಜ್ಜಿ ಕುರ್ಚಿಯಿಂದ ಎದ್ದರು.

"ಯಾರೂ ಮುಟ್ಟಬ್ಯಾಡ್ರಿ," ಎಂದರು. ದೊಡ್ಡ ದನಿಯಲ್ಲ. "ಕಣ್ಣು ಬಿಟ್ಟು ನೋಡ್ರಿ. ಅದು ಹಂಸ ಐತೇನು ಈಗ? ಲಿಂಗಾಕಾರ ಆಗೈತಿ. ಮಚ್ಚು ಹಾಕ್ತೀರೇನು ಅದಕ್ಕ?"

ಎಲ್ಲರೂ ನೋಡಿದರು. ರೆಕ್ಕೆಯೂ ಗೋಣೂ ಹೋಗಿ, ನುಣ್ಣಗೆ ದುಂಡಗೆ ನಿಂತಿದ್ದ ಐಸು, ಅಜ್ಜಿ ಹೇಳಿದ ಮೇಲೆ ಹಾಗೆಯೇ ಕಂಡಿತು. ಅಜ್ಜಿ ಸೊಂಟದ ಸಂಚಿಯಿಂದ ವಿಭೂತಿ ತೆಗೆದು ಅದರ ಮೇಲೆ ದಪ್ಪನಾಗಿ ಮೂರು ಬೆರಳು ಎಳೆದು, ಇನ್ನೊಂದು ಮಾಲೆ ಸುತ್ತಿ ಕೈಮುಗಿದರು. ಒಬ್ಬರಾದ ಮೇಲೊಬ್ಬರು ಲೋಟ ಕೆಳಗಿಟ್ಟರು. ಮಚ್ಚು ಹಿಡಿದಿದ್ದ ಆಳು ಮೊದಲು ಅಡ್ಡಬಿದ್ದ. ರುದ್ರಪ್ಪನವರು ಫ್ಯಾನು ಆರಿಸಿ, ಪಂಚೆ ಸರಿಮಾಡಿಕೊಂಡು ಅವರೂ ಬಿದ್ದರು. ಎದ್ದವರು, ಇದು ನಮ್ಮ ಹುಡುಗನ ಪುಣ್ಯ ಎಂದರು. ಹುಡುಗಿಯ ಪುಣ್ಯ ಎಂದು ಕೊಟ್ಟೂರಿನವರು ಅಂದರು. ಆ ವಿಷಯದಲ್ಲಿ ಸ್ವಲ್ಪ ಹೊತ್ತು ಚರ್ಚೆಯೂ ನಡೆಯಿತು.

ಇದನ್ನು ಕರಗಿ ನೆಲಕ್ಕೆ ಹರಿಯಲು ಬಿಡಬಾರದು, ಈಗಲೇ ಒಯ್ದು ತೋಟದ ಬಾವಿಗೆ ಬಿಡಬೇಕು ಎಂದು ಅಜ್ಜಿ ಅಪ್ಪಣೆ ಮಾಡಿದರು. ಮಿಲ್ಲಿನ ಹಿಂದೆಯೇ ತೋಟ. ಒಂದು ಇನ್ನೂರು ಹೆಜ್ಜೆ ಆದೀತು. ಆ ಇನ್ನೂರು ಹೆಜ್ಜೆಗೆ ಬ್ಯಾಂಡಿನವರು ಮುಂದೆ ನಡೆದರು. ಅವರಿಗೆ ಬರುತ್ತಿದ್ದದ್ದು ಮದುಮಗನನ್ನು ಕರೆತರುವ ಹಾಡೊಂದೇ. ಅದನ್ನೇ ಬಾರಿಸಿದರು. ನಾನೂ ಆಚಾರಿಯೂ ಕೊಪ್ಪರಿಗೆ ಹೊತ್ತಿದ್ದೆವು. ಮಧ್ಯಾಹ್ನದ ಬಿಸಿಲಿನಲ್ಲಿ ಜನ ನಮ್ಮ ಮೇಲೆ ಅಕ್ಕಿಕಾಳು ಎರಚಿದರು. ಕೊಪ್ಪರಿಗೆಯೊಳಗೆ ಐಸು ಆಡುತ್ತಾ ಟಣ್ ಟಣ್ ಎನ್ನುತ್ತಿತ್ತು. ಪ್ರತಿ ಸದ್ದಿಗೂ ನನ್ನ ಜೀವ ಹೋಗಿ ಬರುತ್ತಿತ್ತು.

ಬಾವಿಯ ಕಟ್ಟೆಯ ಹತ್ತಿರ ಜನ ಬರಬಾರದು, ಕಟ್ಟೆ ಸಡಿಲಾಗಿದೆ ಎಂದು ಆಚಾರಿ ಎಲ್ಲರನ್ನೂ ಬೇಲಿಯಾಚೆ ನಿಲ್ಲಿಸಿದರು. ರುದ್ರಪ್ಪನವರು ಮಾತ್ರ ಬೀಗರ ಕಡೆಯ ಹಿರಿಯ ಕೈ ಹಚ್ಚಲೇಬೇಕೆಂದು ಬಂದೇಬಿಟ್ಟರು. ಮೂವರೂ ಸೇರಿ ಕೊಪ್ಪರಿಗೆಯನ್ನು ಬಗ್ಗಿಸಿದೆವು. ಮಾಲೆ ಜಾರಿತು, ವಿಭೂತಿ ತೊಳೆದುಹೋಯಿತು, ಐಸು ಮಗ್ಗುಲು ಬದಲಿಸಿತು. ರುದ್ರಪ್ಪನವರ ಮೂಗಿನಿಂದ ಒಂದು ಗೇಣು ದೂರದಲ್ಲಿ, ತೆಳ್ಳನೆಯ ಐಸಿನ ಹಿಂದೆ, ಆ ಮೀನು ಕಣ್ಣು ಬಿಟ್ಟುಕೊಂಡು ಮಲಗಿತ್ತು. ಆಮೇಲೆ ಎಲ್ಲವೂ ಬಾವಿಗೆ ಬಿದ್ದು ದೊಡ್ಡ ಸದ್ದಾಯಿತು. ಬೇಲಿಯಾಚೆ ಜನ ಹರಹರ ಎಂದರು.

ರುದ್ರಪ್ಪನವರು ಬಾವಿಯೊಳಗೆ ಬಗ್ಗಿ ನೋಡಿದರು. ಮೀಸೆಯಿಂದ ಬೆವರು ಇಳಿಯುತ್ತಿತ್ತು.

"ಮಾಸ್ತರ, ನಾನು ಪಾನಕಕ್ಕ ಎರಡು ತುಂಡು ಹಾಕ್ಕಂಡಿದ್ದೆ," ಎಂದರು.

"ಅದು ರೆಕ್ಕಿ ರೀ," ಎಂದೆ ನಾನು. "ಮೀನು ಇದ್ದದ್ದು ಎದಿಯಾಗ."

ಅವರು ಅದನ್ನು ತೂಗಿ ನೋಡಿದರು. ಬಾಯಿ ಮುಕ್ಕಳಿಸಲು ನೀರು ಸೇದಿಕೊಡಿ ಎಂದರು. ಯಾವ ಬಾವಿಯ ನೀರು ಎಂಬುದು ನೆನಪಾಗಿ ಬೇಡ ಎಂದರು. ಈ ಮಾತು ಹರಪನಹಳ್ಳಿ ಮುಟ್ಟಬಾರದು ಎಂದು ನನ್ನ ಕೈ ಹಿಡಿದುಕೊಂಡರು. ಕೊಟ್ಟೂರನ್ನೂ ಮುಟ್ಟುವುದಿಲ್ಲ ಎಂದು ನಾನು ಮಾತು ಕೊಟ್ಟೆ. ಒಬ್ಬರ ವಿಷಯ ಬಿಟ್ಟರೆ, ಆ ಮಾತನ್ನು ಅವರು ಬದುಕಿರುವ ತನಕ ನಡೆಸಿದೆ. ಅವರೂ ತಮ್ಮ ಪಾಲನ್ನು ನಡೆಸಿದರು. ಅಂದಿನಿಂದ ಬೀಗರ ಮನೆಯ ಊಟ, ನೀರು, ಕರೆಂಟು, ಯಾವುದರ ಬಗ್ಗೆಯೂ ಅವರ ಬಾಯಿಂದ ಒಂದು ಕೊಂಕು ಬರಲಿಲ್ಲವಂತೆ. ಗಿರಿಜಾಳನ್ನು ಅವರ ಮನೆಯಲ್ಲಿ ಅಂಗೈಯಲ್ಲಿಟ್ಟು ನೋಡಿಕೊಂಡರು. ಹುಡುಗಿಗೆ ತಾಳಿ ಬಿದ್ದ ಗಳಿಗೆಯಲ್ಲೇ ಲಿಂಗ ಮೂಡಿತ್ತಲ್ಲ.

ನನಗೆ ಮಾತ್ರ ನಿದ್ದೆಯಿರಲಿಲ್ಲ. ಗುರುಬಸಪ್ಪನವರು ದಾರಿಯಲ್ಲಿ ಸಿಕ್ಕಾಗಲೆಲ್ಲ ಕೈಮುಗಿಯುತ್ತಿದ್ದರು. ಆ ನಮಸ್ಕಾರ ಸಾಲದ ಹಾಗೆ ಮೈಮೇಲೆ ಬೆಳೆಯುತ್ತಿತ್ತು. ವಾರ ಕಳೆದ ಮೇಲೆ ಒಂದು ಇಳಿಹೊತ್ತು, ಗುರುಬಸಪ್ಪನವರು ಇಲ್ಲದ ವೇಳೆ ನೋಡಿ ಅವರ ಮನೆಗೆ ಹೋದೆ. ಶರಣಮ್ಮಜ್ಜಿ ಪಡಸಾಲೆಯಲ್ಲಿ ಮೊರದ ತುಂಬ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದರು. ನಾನು ಎದುರಿಗೆ ಕೂತು, ತಡವರಿಸುತ್ತಾ, ಹಗರಿಬೊಮ್ಮನಹಳ್ಳಿಯಿಂದ ಶುರು ಮಾಡಿದೆ. ಅಜ್ಜಿ ತಲೆಯೆತ್ತಲಿಲ್ಲ.

"ಪೊರಿ ತಗಸಿದ್ದು ಕಾಣ್ಲಿ ಅಂತಲ್ಲೇನು ತಮ್ಮಾ," ಎಂದರು. "ಎರಡು ತಾಸು ಅದರ ಮಗ್ಗಲದಾಗ ಕುಂತಿದ್ದೆ."

ದೇವರ ಹೆಸರಿನಲ್ಲಿ ನೀವು ನನ್ನ ಸಲುವಾಗಿ ಸುಳ್ಳು ಹೇಳುವಂತಾಯಿತಲ್ಲ ಎಂದೆ.

"ಸುಳ್ಳ್ಯಾಕ? ನಾ ಕೈ ಮುಗದದ್ದು ಖರೇನ. ಮೊಮ್ಮಗಳು ಸುಖವಾಗಿರ್ಲಿ ಅಂತ ಬೇಡ್ಕಂಡದ್ದೂ ಖರೇನ." ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟರು. "ಅವ್ನು ಹಂಗೆಲ್ಲ ಒಳಗ ಏನೈತಿ ಅಂತ ನೋಡಿ ಸಿಟ್ಟಾಗಂಗಿದ್ರ, ಮನಷ್ಯಾರಿಗೆ ಯಾರಿಗೂ ಲಿಂಗ ಕಟ್ತಿದ್ದಿಲ್ಲ ಬಿಡು."

ನನ್ನ ಎದೆಯ ಮೇಲಿನ ಭಾರ ಇಳಿಯಿತು. ಎದ್ದು ಹೊರಡಬೇಕೆಂದಿದ್ದೆ. ಅಜ್ಜಿ ಬಾಗಿಲ ಕಡೆ ಒಮ್ಮೆ ನೋಡಿ, ಯಾರೂ ಇಲ್ಲವೆಂದು ಗೊತ್ತು ಮಾಡಿಕೊಂಡು, ಸಣ್ಣ ದನಿಯಲ್ಲಿ ಅದು ಯಾವ ಜಾತಿಯ ಮೀನು ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಇಷ್ಟು ವರ್ಷದ ಬಾಳಿನಲ್ಲಿ ತಾವು ಮೀನನ್ನು ಹತ್ತಿರದಿಂದ ನೋಡಿರಲೇ ಇಲ್ಲ ಎಂದರು. ಸಂತೆಯಲ್ಲಿ ಆ ಸಾಲು ಬಂದರೆ ಸೆರಗು ಮುಚ್ಚಿಕೊಂಡು ದಾಟಿಬಿಡುತ್ತಿದ್ದರಂತೆ. ಅದರ ಮೈ ಮೇಲೆ ಬೆಳ್ಳಿ ಬಿಲ್ಲೆ ಜೋಡಿಸಿದ ಹಾಗೆ ಇತ್ತು, ಬಾಲ ಬಿಚ್ಚಿಕೊಂಡಿತ್ತು, ಈಗ ಅದನ್ನು ಮತ್ತೆ ನೋಡಬೇಕೆಂದರೆ ಎಲ್ಲಿಗೆ ಹೋಗಲಿ ಎಂದರು. ನೀನು ಡ್ರಾಯಿಂಗ್ ಮಾಸ್ತರ ಅಲ್ಲವೇ, ಬರೆದು ತೋರಿಸು ಎಂದರು.

ನಾನು ಮೊರದ ಅಕ್ಕಿಯನ್ನು ಸಮ ಮಾಡಿ ಬೆರಳಿನಿಂದ ಮೀನು ಬರೆದೆ. ಬೆನ್ನು, ಹೊಟ್ಟೆ, ಬಾಲ, ಕಡೆಗೆ ಕಣ್ಣಿಗೊಂದು ಗುಳಿ ಒತ್ತಿದೆ. ಅಜ್ಜಿ ಮೊರವನ್ನು ಬೆಳಕಿನ ಕಡೆ ಎಳೆದುಕೊಂಡು, ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ನೋಡಿದರು. ಮೇಷ್ಟರ ಮುಂದೆ ಸ್ಲೇಟು ಹಿಡಿದ ಹುಡುಗನ ಹಾಗೆ ನಾನು ಕಾಯುತ್ತಿದ್ದೆ.

"ಕಣ್ಣು ಇಷ್ಟು ಕೆಳಗ ಇದ್ದಿಲ್ಲ," ಎಂದರು. ನಾನು ಒತ್ತಿದ್ದ ಗುಳಿಯನ್ನು ಹೆಬ್ಬೆರಳಿನಿಂದ ಸವರಿ ಅಳಿಸಿದರು. ಆರಿಸಿ ಪಕ್ಕಕ್ಕಿಟ್ಟಿದ್ದ ಕಲ್ಲುಗಳಲ್ಲಿ ಒಂದು ಕರಿಯದನ್ನು ಹುಡುಕಿ, ಎರಡು ಬೆರಳಲ್ಲಿ ಹಿಡಿದು, ಒಂದು ಗಳಿಗೆ ತಡೆದು, ತುಸು ಮೇಲಕ್ಕೆ ಇಟ್ಟರು.

"ಇಲ್ಲಿತ್ತು."